ಹೇಳದೆ ಬಿಟ್ಟ ಮಾತು



ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಗೆ ಕಾಯುತ್ತಾ ನೀವೂ ಗಾಡಿಯಿಂದ ಹಣ್ಣು ಕೊಂಡಿರಬಹುದು. ಮನೆಗೆ ಬಂದು ನೋಡಿದರೆ ಮೇಲಿನವು ಚೆನ್ನಾಗಿವೆ, ಅಡಿಯವು ಕೊಳೆತಿವೆ. ವ್ಯಾಪಾರಿ ಸುಳ್ಳು ಹೇಳಲಿಲ್ಲ; ಸುಮ್ಮನಿದ್ದ, ಅಷ್ಟೇ. ಸುಮ್ಮನಿರುವುದೂ ಮೋಸವೇ?

13ನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಇದೇ ಪ್ರಶ್ನೆಯನ್ನು ವಿಚಾರಿಸಿದರು. ಕೊಳ್ಳುವವನ ಕಣ್ಣಿಗೆ ಕಾಣದ, ಅವನಿಗೆ ನಷ್ಟ ತರುವ ದೋಷವನ್ನು ಮಾರುವವನು ಹೇಳಲೇಬೇಕು ಎಂಬುದು ಅವರ ತೀರ್ಮಾನ.

ನಮ್ಮ ಕಾನೂನೂ ಇದನ್ನು ಒಪ್ಪುತ್ತದೆ. ಷೇರು ಕೊಳ್ಳಿರೆಂದು ಜನರನ್ನು ಕರೆಯುವ ಕಂಪನಿ ಪ್ರಾಸ್ಪೆಕ್ಟಸ್ ಎಂಬ ವಿವರ ಪತ್ರವನ್ನು ಹೊರಡಿಸಬೇಕು. ಅದರಲ್ಲಿ ಸುಳ್ಳು ಬರೆಯುವುದಷ್ಟೇ ಅಲ್ಲ, ಜನ ದಾರಿ ತಪ್ಪುವಂತೆ ವಿಷಯವನ್ನು ಬಿಟ್ಟುಬಿಡುವುದೂ 2013ರ ಕಂಪನಿ ಕಾಯಿದೆಯ 34ನೇ ಸೆಕ್ಷನ್ನಿನ ಪ್ರಕಾರ ಅಪರಾಧ.

ಆದರೆ ಕಾನೂನಿನ ದೀಪ ಎಲ್ಲ ಮೂಲೆಗೂ ತಲುಪುವುದಿಲ್ಲ. ನಮ್ಮ ಶಿವಾಜಿನಗರದಲ್ಲೇ 2019ರ ಜೂನ್‌ನಲ್ಲಿ ಐ ಮಾನಿಟರಿ ಅಡ್ವೈಸರಿ ಎಂಬ ಸಂಸ್ಥೆ ಕುಸಿದು, ಸಾವಿರಾರು ಕುಟುಂಬಗಳ ಉಳಿತಾಯ ಸಿಕ್ಕಿಬಿತ್ತು. ಮಗಳ ಮದುವೆಗೆ, ಮುಪ್ಪಿಗೆ ಎಂದು ಕೂಡಿಟ್ಟ ಹಣ. ಆ ಸಂಸ್ಥೆ ಷೇರು ಮಾರಲಿಲ್ಲ. ಹಣ ಕೊಟ್ಟವರನ್ನು ಪಾಲುದಾರರೆಂದು ಸೇರಿಸಿಕೊಂಡಿತು. ಹಾಗಾಗಿ ಪ್ರಾಸ್ಪೆಕ್ಟಸ್ಸಿನ ಮಾತೇ ಬರಲಿಲ್ಲ. ಇಂಥ ಪಾಲುದಾರಿಕೆಯೂ ವರ್ಷಕ್ಕೊಮ್ಮೆ ರಿಜಿಸ್ಟ್ರಾರರಿಗೆ ಲೆಕ್ಕ ಸಲ್ಲಿಸಬೇಕು, ಶುಲ್ಕ ಕಟ್ಟಿ ಅದನ್ನು ಯಾರೂ ನೋಡಬಹುದು, ನಿಜ. ಆದರೆ ಆ ಮನೆಗಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತು?

ಮೋಸ ಹೋದವರನ್ನು ದೂರುವ ಮಾತಲ್ಲ ಇದು. ಇಂಥ ಕಡೆ ಜನ ನಂಬುವುದು ಕಾಗದವನ್ನಲ್ಲ, ಪರಿಚಯದ ಮುಖವನ್ನು. ಭಾವ ಹೇಳಿದ, ಪಕ್ಕದ ಮನೆಯವರು ಹೇಳಿದರು ಎಂದು ದುಡ್ಡು ಹಾಕುತ್ತಾರೆ. ಹಾಗಾದರೆ ಹೇಳಿದವರ ಹೊಣೆ ಏನು?

ಅಕ್ವಿನಾಸರು ಇನ್ನೊಂದು ಉದಾಹರಣೆ ಕೊಡುತ್ತಾರೆ. ಧಾನ್ಯ ದುಬಾರಿಯಾದ ಊರಿಗೆ ಒಬ್ಬ ವರ್ತಕ ಬರುತ್ತಾನೆ. ಹಿಂದೆ ಇನ್ನಷ್ಟು ಮಂದಿ ಧಾನ್ಯ ತರುತ್ತಿದ್ದಾರೆಂದು ಅವನಿಗೆ ಗೊತ್ತು. ಅದನ್ನು ಹೇಳದಿದ್ದರೆ ನ್ಯಾಯ ಕೆಡುವುದಿಲ್ಲ. ಹೇಳಿದರೆ ಅದು ಹೆಚ್ಚಿನ ಸದ್ಗುಣ ಎನ್ನುತ್ತಾರೆ ಅವರು. ಪೇಟೆಯ ಅಪರಿಚಿತನಿಗೆ ನ್ಯಾಯವಷ್ಟೇ ಸಾಕೆನ್ನೋಣ. ಒಂದೇ ಮಣೆಯ ಮೇಲೆ ಕೂತು ಉಂಡವರಿಗೆ ಅಷ್ಟು ಸಾಕೇ?

ಆದ್ದರಿಂದ ತಂಗಿಗೋ ಗೆಳೆಯನಿಗೋ "ಇಲ್ಲಿ ಹಣ ಹಾಕು" ಎನ್ನುವ ಮೊದಲು ಮೂರು ಮಾತು ಬಿಚ್ಚಿ ಹೇಳಿ: ನಿಮಗೆ ಸಿಗುವ ಕಮಿಷನ್ ಎಷ್ಟು, ಲೆಕ್ಕಪತ್ರವನ್ನು ನೀವು ಕಣ್ಣಾರೆ ನೋಡಿದ್ದೀರಾ, ನಿಮಗಿರುವ ಅನುಮಾನವೇನು. ಕಂಪನಿಯನ್ನು ಕೇಳಲು ರಿಜಿಸ್ಟ್ರಾರರಿದ್ದಾರೆ. ನಿಮ್ಮನ್ನು ಕೇಳಲು ನಿಮ್ಮ ಮನಸ್ಸಾಕ್ಷಿಯೊಂದೇ.