ಭೂತವೊಂದಿದ್ದರೆ ಹಾರರ್ ಆಗುತ್ತದೆಯೇ?

ಬ್ರಹ್ಮಾವರದ ಕಡೆ ‘ಭೂತ’ ಎಂಬ ಪದಕ್ಕೆ ಎರಡು ಅರ್ಥ. ಕೋಲದಲ್ಲಿ ಎದ್ದು ನಿಲ್ಲುವ ಭೂತದ ಮುಂದೆ ಜನ ಕಷ್ಟ ಹೇಳಿಕೊಳ್ಳುತ್ತಾರೆ, ನ್ಯಾಯ ಕೇಳುತ್ತಾರೆ. ಕತ್ತಲಲ್ಲಿ ಕಾಡುವ ಭೂತದ ಹೆಸರೆತ್ತಿದರೆ ಮಕ್ಕಳು ಮುಸುಕೆಳೆದುಕೊಳ್ಳುತ್ತಾರೆ. ಕರಾವಳಿಯ ಮೊಗವೀರರು ನಂಬುವ ಬೊಬ್ಬರ್ಯ ಮುಸ್ಲಿಂ ವರ್ತಕನೊಬ್ಬನ ಮಗನೆಂಬ ಐತಿಹ್ಯವಿದೆ. ಅವನೂ ಭೂತವೇ, ಆದರೆ ಪಿಶಾಚಿಯಲ್ಲ!

ಹಾರರ್ ಸಿನಿಮಾ ಎಂದರೇನು ಎಂಬ ಪ್ರಶ್ನೆಗೆ ಉತ್ತರದ ಎಳೆ ಇಲ್ಲೇ ಇದೆ. ಕುಂದಾಪುರ ತಾಲೂಕಿನ ಕೆರಾಡಿಯಲ್ಲಿ ಚಿತ್ರೀಕರಣಗೊಂಡ ‘ಕಾಂತಾರ’ದಲ್ಲಿ (2022) ದೈವದ ಕೂಗು ಕೇಳಿ ನಮ್ಮ ಮೈ ಜುಮ್ಮೆಂದಿತು. ಆದರೂ ಅದನ್ನು ನಾವು ಹಾರರ್ ಎನ್ನಲಿಲ್ಲ. ‘ಆಪ್ತಮಿತ್ರ’ದಲ್ಲಿ (2004) ಕೊನೆಗೆ ಕಂಡದ್ದು ದೆವ್ವವಲ್ಲ, ಮನೋವ್ಯಾಧಿ. ಆದರೂ ನಾಗವಲ್ಲಿಯನ್ನು ಕಂಡು ನಾವು ಬೆಚ್ಚಿದೆವು. ಹಾಗಾದರೆ ಭೂತವಿರುವುದು, ಇಲ್ಲದಿರುವುದು ಇಲ್ಲಿ ಮುಖ್ಯವಲ್ಲ.

ಅಮೆರಿಕದ ತತ್ವಚಿಂತಕ ನೋಯೆಲ್ ಕ್ಯಾರಲ್ 1990ರಲ್ಲಿ ಪ್ರಕಟವಾದ ತಮ್ಮ ಕೃತಿಯಲ್ಲಿ ಹೇಳುವಂತೆ, ಅಜ್ಜಿಕಥೆಯ ರಾಕ್ಷಸ ಆ ಕಥಾಲೋಕಕ್ಕೆ ಸೇರಿದವನು. ಹಾರರ್‌ನ ರಾಕ್ಷಸ ನಮ್ಮ ಸಾಮಾನ್ಯ ಲೋಕಕ್ಕೆ ಸೇರದವನು, ಅಪಾಯಕಾರಿ, ಜೊತೆಗೆ ಹೇಸಿಗೆ ಹುಟ್ಟಿಸುವವನು. ಕೋಲದ ಭೂತ ಏಕೆ ಹಾರರ್ ಅಲ್ಲವೆಂಬುದನ್ನು ಈ ಮಾತು ವಿವರಿಸುತ್ತದೆ. ಆದರೆ ಹಿಚ್‌ಕಾಕರ ‘ಸೈಕೋ’ದಲ್ಲಿ (1960) ಭಯ ಹುಟ್ಟಿಸುವವನು ಮನುಷ್ಯನೇ. ಕ್ಯಾರಲರ ಅಳತೆಗೆ ಅದು ಸರಿಯಾಗಿ ಹೊಂದುವುದಿಲ್ಲ.

ನಮಗನ್ನಿಸುವುದು ಇಷ್ಟು: ನಾವು ನಂಬಿದ ಜಾಗವೇ ನಮ್ಮ ಮೇಲೆ ತಿರುಗಿಬೀಳುವುದು, ಮೊರೆಯಿಟ್ಟರೆ ಕೇಳುವವರಿಲ್ಲದಿರುವುದು, ಇವೆರಡು ಕೂಡಿದಲ್ಲಿ ಹಾರರ್ ಹುಟ್ಟುತ್ತದೆ. ಕೋಲದ ಭೂತ ಎಷ್ಟೇ ಉಗ್ರವಾಗಿದ್ದರೂ ಅಹವಾಲು ಕೇಳುತ್ತದೆ. ಆದ್ದರಿಂದ ಅಲ್ಲಿರುವುದು ಭಯಭಕ್ತಿ. ಹಾರರ್‌ನಲ್ಲಿ ಭಯಕ್ಕೆ ಕಿವಿಯೇ ಇಲ್ಲ.

ಈ ಅಳತೆಗೋಲು ಹಿಡಿದು ಜೆ.ಪಿ. ತುಮಿನಾಡು ನಿರ್ದೇಶನದ ‘ಸು ಫ್ರಮ್ ಸೋ’ (2025) ನೋಡೋಣ. ಸ್ನಾನದ ಕೋಣೆಗೆ ಇಣುಕಿ ಸಿಕ್ಕಿಬಿದ್ದ ಅಶೋಕ ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ಸತ್ತ ಸುಲೋಚನಾಳ ಹೆಸರಿಗೆ ಇಡೀ ಊರು ನಡುಗುತ್ತದೆ, ನಾವು ಹೊಟ್ಟೆ ತುಂಬ ನಗುತ್ತೇವೆ. ಆದರೆ ಅದೇ ಸುಲೋಚನಾಳ ಮಗಳು ಭಾನು, ಬದುಕಿರುವ ಮನುಷ್ಯನ ದೌರ್ಜನ್ಯಕ್ಕೆ ನಲುಗುತ್ತಿರುತ್ತಾಳೆ. ಸತ್ತವಳ ಮಾತಿಗೆ ಊರೆಲ್ಲ ಕಿವಿಯಾಗುತ್ತದೆ, ಬದುಕಿರುವವಳ ಮೊರೆ ಕೇಳುವವರಿಲ್ಲ. ಚಿತ್ರದಲ್ಲಿ ನಿಜವಾದ ಹಾರರ್ ಯಾವುದು? ದೆವ್ವವಿಲ್ಲದ ಆ ಮನೆಯಲ್ಲವೇ?

ನಾವು ಹೆದರುವುದು ತಪ್ಪಲ್ಲ. ಯಾರಿಗೆ ಹೆದರುತ್ತೇವೆ ಎಂಬುದು ಮಾತ್ರ ನೈತಿಕ ಪ್ರಶ್ನೆ. ಅನ್ಯಾಯಕ್ಕೆ ಬಲಿಯಾದವಳಿಗೆ ಬಿಳಿ ಸೀರೆ ಉಡಿಸಿ ಅವಳನ್ನೇ ದೆವ್ವವಾಗಿಸುವ ಸಿನಿಮಾಗಳು ಭಯವನ್ನು ತಪ್ಪು ವಿಳಾಸಕ್ಕೆ ಕಳಿಸುತ್ತವೆ. ಸಮಾಜವೂ ಎಷ್ಟೋ ಬಾರಿ ಹೀಗೆಯೇ ಮಾಡುತ್ತದೆ: ಮಾತಾಡಿಸಿಯೂ ನೋಡದವರಿಗೆ ದೆವ್ವದ ಮುಖ ತೊಡಿಸುತ್ತದೆ. ಚಿತ್ರಮಂದಿರದ ದೀಪ ಹೊತ್ತಿದಾಗ ಪರದೆಯ ಭೂತ ಮಾಯವಾಗುತ್ತದೆ. ನಮ್ಮ ಪಕ್ಕದ ಮನೆಯಲ್ಲಿ ಕೇಳಿಸದೆ ಉಳಿದ ಮೊರೆ ಮಾತ್ರ ಮಾಯವಾಗುವುದಿಲ್ಲ. ಅದಕ್ಕೆ ನಾವೇ ಕಿವಿಗೊಡಬೇಕು.