ಕಾಡುಜಾತಿ

ಪಿರಿಯಾಪಟ್ಟಣದಿಂದ ಬೆಟ್ಟದಪುರದ ಕಡೆಗೆ ಹೋಗುವ ದಾರಿಯಲ್ಲಿ, ಹೊಲಗಳ ನಡುನಡುವೆ, ಹೊಗೆಸೊಪ್ಪನ್ನು ಹದಮಾಡುವ ಬ್ಯಾರನ್ನುಗಳು ಕಾಣುತ್ತವೆ. ಕಳೆದ ವರ್ಷ ಮಳೆ ಹಿಡಿಯುವ ಮುನ್ನ ಅಲ್ಲಿನ ಪರಿಚಿತ ರೈತರೊಬ್ಬರ ಮನೆಗೆ ಹೋಗಿದ್ದೆ. ಬ್ಯಾರನ್ನಿನ ಪಕ್ಕದಲ್ಲಿ ಸೌದೆ ಒಟ್ಟಿದ್ದರು. ಬೂದುಬಣ್ಣದ ತೊಗಟೆಯ ದಪ್ಪ ದಿಮ್ಮಿಗಳು. ಯಾವ ಮರ ಎಂದು ಕೇಳಿದೆ. “ಏನಿಲ್ಲ ಸ್ವಾಮಿ, ಕಾಡುಜಾತಿ” ಎಂದರು. ನಾನು ಬಿಡದೆ ಮತ್ತೆ ಕೇಳಿದಾಗ ನಕ್ಕು, “ಉರಿಯೋಕೆ ಯಾವ ಜಾತಿಯಾದ್ರೇನು ಸ್ವಾಮಿ?” ಎಂದರು. ಜಗಲಿಯ ಮೇಲೆ ಕುಳಿತಿದ್ದ ಅವರ ವೃದ್ಧ ತಾಯಿ ಮಾತ್ರ, “ತಪಸಿ ಕಣಪ್ಪ. ಅದರ ಸೊಪ್ಪು ಅರೆದು ಹುಳುಕಡ್ಡಿಗೆ ಹಚ್ತಿದ್ರು. ಈಗ ಯಾರು ಹಚ್ತಾರೆ?” ಎಂದರು.

ಆ ರೈತರ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ಅದು ಉಡಾಫೆಯ ಮಾತಿನಂತೆ ಕೇಳಿಸಿದರೂ ಅದರೊಳಗೆ ದೊಡ್ಡ ತರ್ಕವೊಂದು ಅಡಗಿದೆ. ವಿಚಿತ್ರವೆಂದರೆ, ಆ ತರ್ಕಕ್ಕೆ ವಿದ್ವಾಂಸರ ಬೆಂಬಲವೂ ದೊರೆಯುವಂತೆ ತೋರುತ್ತದೆ.

ತಪಸಿ, ಅಥವಾ ರಾಹುಬೀಜದ ಮರ, ನಮ್ಮ ಬಯಲುಸೀಮೆಯಲ್ಲಿ ಅಪರೂಪದ್ದಲ್ಲ. ಎಲೆಯುದುರಿದ ಕೊಂಬೆಯಲ್ಲಿ ಹೂ ಬಿಡುತ್ತದೆ. ಬೇಸಗೆಯಲ್ಲಿ ತೆಳ್ಳನೆಯ ರೆಕ್ಕೆ ಸುತ್ತಿದ, ನಡುವೆ ಒಂದೇ ಬೀಜವಿರುವ ದುಂಡು ಬಿಲ್ಲೆಗಳು ಗಾಳಿಗೆ ಹಾರಿ ಹೊಲ, ಅಂಗಳ, ಬಾವಿಯೆನ್ನದೆ ಬೀಳುತ್ತವೆ. ಹುಡುಗರು ಅದನ್ನು ಸುಲಿದು ತಿನ್ನುವುದುಂಟು. ಇಂಗ್ಲಿಷಿನವರು ಎಲ್ಮ್ ಎಂದು ಕರೆಯುವ ಮರದ ಹತ್ತಿರದ ನಂಟ ಇದು. 18ನೆಯ ಶತಮಾನದ ಕೊನೆಯಲ್ಲಿ ರಾಕ್ಸ್‌ಬರ್ಗ್ ಇದನ್ನು ಎಲ್ಮ್ ಕುಲಕ್ಕೇ ಸೇರಿಸಿ, ಅಂಚಿನಲ್ಲಿ ಹಲ್ಲಿಲ್ಲದ ಎಲೆಯ ಎಲ್ಮ್ ಎಂಬರ್ಥದ ‘ಉಲ್ಮಸ್ ಇಂಟೆಗ್ರಿಫೋಲಿಯ’ ಎಂಬ ಹೆಸರನ್ನು ಕೊಟ್ಟನು. 1848ರಲ್ಲಿ ಪ್ಲಾಂಷೋನ್ ಎಂಬ ಫ್ರೆಂಚ್ ವಿದ್ವಾಂಸನು ಅದು ಸರಿಯಲ್ಲವೆಂದು ಇದಕ್ಕಾಗಿ ‘ಹೊಲೊಪ್ಟೀಲಿಯ’ ಎಂಬ ಬೇರೆ ಕುಲವನ್ನೇ ಕಲ್ಪಿಸಿದನು. ಆದರೆ ‘ಪ್ಟೀಲಿಯ’ ಎಂದರೆ ಗ್ರೀಕ್ ಭಾಷೆಯಲ್ಲಿ ಎಲ್ಮ್ ಎಂದೇ ಅರ್ಥ. ಮನೆಯಿಂದ ಹೊರಗೆ ಹಾಕಿದರೂ ಮನೆತನದ ಹೆಸರನ್ನು ಬಿಡಿಸಲಿಲ್ಲ! ನಮ್ಮ ಪಂಡಿತರಲ್ಲಿಯೂ ಜಗಳವಿಲ್ಲದೆ ಇಲ್ಲ. ಚಿರಬಿಲ್ವ ಇದೇ ಎನ್ನುವವರುಂಟು; ಪೂತಿಕರಂಜ ಎಂದರೆ ಇದೋ, ಹೊಂಗೆಯೋ, ಗಜ್ಜುಗವೋ ಎಂಬ ಚರ್ಚೆ ವೈದ್ಯರಲ್ಲಿ ಇಂದಿಗೂ ಇದೆ.

ತಪಸಿಗೆ ಕುಲದ ವಿವಾದವಾದರೆ, ಅದರ ಇಂಗ್ಲಿಷ್ ಬಂಧುವೊಂದಕ್ಕೆ ಇರವಿನ ವಿವಾದವೇ ಬಂದಿತು. ಇಂಗ್ಲೆಂಡಿನ ನಡುನಾಡಿನಲ್ಲಿ ತುದಿ ಒಂದು ಕಡೆಗೆ ಬಾಗಿದ, ಸಣ್ಣ ಎಲೆಯ ಎಲ್ಮ್ ಒಂದಿದೆ. 17ನೆಯ ಶತಮಾನದಲ್ಲಿ ಇಂಥ ಸಣ್ಣೆಲೆಯ ಎಲ್ಮನ್ನು ಗಮನಿಸಿದ್ದ ರಾಬರ್ಟ್ ಪ್ಲಾಟ್ ಎಂಬವನ ನೆನಪಿಗೆ, 20ನೆಯ ಶತಮಾನದ ಆರಂಭದಲ್ಲಿ ಡ್ರೂಸ್ ಎಂಬವನು ಅದಕ್ಕೆ ‘ಉಲ್ಮಸ್ ಪ್ಲಾಟಿಯೈ’ ಎಂದು ಹೆಸರಿಟ್ಟನು. ಕ್ಯೂ ಉದ್ಯಾನದ ಮೆಲ್ವಿಲ್ ಇದು ಸ್ವತಂತ್ರ ಪ್ರಭೇದವೆಂದು ವಾದಿಸಿದನು. 1983ರಲ್ಲಿ ಎಲ್ಮ್ ಮರವನ್ನು ಕುರಿತೇ ದೊಡ್ಡ ಗ್ರಂಥ ಬರೆದ ರಿಚನ್ಸ್ ಅಲ್ಲವೆಂದನು. 2000ದಲ್ಲಿ ಪ್ರಕಟವಾದ ಒಂದು ವಂಶವಾಹಿ ಪರೀಕ್ಷೆಯಲ್ಲಿ, ಈ ಹೆಸರಿಗೆ ನಿಜವಾಗಿ ತಕ್ಕ ಮರಗಳೆಲ್ಲ ಒಂದೇ ಮರದ ಬೇರುಚಿಗುರಿನ ಸಂತತಿಯಂತೆ ಕಂಡವು. ಒಂದು ಮರವನ್ನು ಒಂದು ಜಾತಿ ಎನ್ನಬಹುದೆ? ಈ ವಾದ ನಡೆಯುತ್ತಿದ್ದ ಕಾಲದಲ್ಲಿಯೇ, 1970ರ ದಶಕದಲ್ಲಿ, ದುಂಬಿ ಹರಡುವ ಬೂಷ್ಟು ರೋಗವೊಂದು ಆ ದೇಶದ ಎರಡು ಕೋಟಿಗೂ ಹೆಚ್ಚು ಎಲ್ಮ್‌ಗಳನ್ನು ಕೊಂದಿತು. ರೋಗವು ಯಾರ ವರ್ಗೀಕರಣಕ್ಕೂ ಕಾಯಲಿಲ್ಲ.

ನಮ್ಮ ಗೋಣಿಮರದ ಕಥೆಯೂ ಇಂಥದೇ. ಲಾಲ್‌ಬಾಗಿನ ಮೇಲ್ವಿಚಾರಣೆ ವಹಿಸಿದ್ದ ಹೇಯ್ನ್ ಸಂಗ್ರಹಿಸಿದ ಮಾದರಿಯಿಂದ ಜರ್ಮನಿಯ ರಾಥ್ 1821ರಲ್ಲಿ ಅದನ್ನು ‘ಫೈಕಸ್ ಮೈಸೊರೆನ್ಸಿಸ್’ ಎಂದು ಕರೆದನು. 1960ರಲ್ಲಿ ಕಾರ್ನರ್, ಇದು ಬೇರೆ ಪ್ರಭೇದವಲ್ಲ, ಮೈಮೇಲೆ ಸ್ವಲ್ಪ ರೋಮ ಹೆಚ್ಚಿರುವ ‘ಡ್ರೂಪೇಸಿಯ’ದ ಒಂದು ಬಗೆ ಅಷ್ಟೆ ಎಂದನು. ಮೈಸೂರಿನ ಹೆಸರು ಹೋಯಿತಲ್ಲ ಎಂದು ನನಗೆ ಮೊದಲು ಸ್ವಲ್ಪ ಕಸಿವಿಸಿಯಾದದ್ದು ನಿಜ. ಆಮೇಲೆ ನಾಚಿಕೆಯಾಯಿತು. ಮರಕ್ಕೆ ಆದ ನಷ್ಟವೇನು?

ಹಾಗಾದರೆ ಜಾತಿ ಎಂಬುದು ಮರದಲ್ಲಿದೆಯೆ, ನೋಡುವವನ ಮನಸ್ಸಿನಲ್ಲಿದೆಯೆ? ಈ ಪ್ರಶ್ನೆ ನಮಗೆ ಹೊಸದಲ್ಲ. ಗೋವುಗಳಲ್ಲಿ ಗೋತ್ವವೆಂಬ ಜಾತಿ ನಿಜವಾಗಿಯೂ ಇದೆ ಎಂದು ನೈಯಾಯಿಕರು ಹೇಳಿದರು. ಬೌದ್ಧ ದಿಙ್ನಾಗನು ಒಪ್ಪಲಿಲ್ಲ. ಇರುವುದು ಬಿಡಿ ವಸ್ತು, ‘ಹಸು’ ಎಂದರೆ ಹಸುವಲ್ಲದ್ದನ್ನು ತಳ್ಳಿಹಾಕುವುದಷ್ಟೆ ಎಂಬುದು ಅವನ ನಿಲುವು. 1859ರಲ್ಲಿ ಡಾರ್ವಿನ್ ಕೂಡ ಪ್ರಭೇದವೆಂಬುದು ಅನುಕೂಲಕ್ಕೆ ಕೊಟ್ಟ ಹೆಸರು ಎಂದೇ ಬರೆದನು. ಅಲ್ಲಿಗೆ ಪಿರಿಯಾಪಟ್ಟಣದ ರೈತರ ಪಕ್ಷವೇ ಗೆದ್ದಂತಾಯಿತಲ್ಲವೆ? ಜಾತಿಯೇ ಇಲ್ಲವೆಂದ ಮೇಲೆ ಎಲ್ಲವೂ ಕಾಡುಜಾತಿಯೆ, ಎಲ್ಲವೂ ಸೌದೆಯೆ.

ಹಾಗಲ್ಲವೆಂದು ನನಗೆ ತೋರುತ್ತದೆ. ‘ಇದು ಬೇರೆ ಜಾತಿಯಲ್ಲ’ ಎಂದು ಕಾರ್ನರ್ ಹೇಳಿದ್ದು ಎಲೆಯ ರೋಮವನ್ನು, ಹಣ್ಣಿನ ಬುಡವನ್ನು, ದೇಶದೇಶಗಳ ಮಾದರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ. ‘ಯಾವ ಜಾತಿಯಾದರೇನು’ ಎಂದು ನಾವು ಹೇಳುವುದು ನೋಡದೆಯೆ. ಕಿವಿಗೆ ಎರಡೂ ಒಂದೇ ಬಗೆಯ ಮಾತು. ಒಂದು ಗಮನದಿಂದ ಹುಟ್ಟಿದ ಸಂದೇಹ. ಇನ್ನೊಂದು ಸಂದೇಹಪಡುವ ಶ್ರಮವನ್ನೂ ವಹಿಸದ ಉದಾಸೀನ. ಮನುಷ್ಯರ ವಿಷಯದಲ್ಲಿಯೂ ಹೀಗೆಯೇ ಅಲ್ಲವೆ? ಜಾತಿಯಿಲ್ಲ ಎಂದು ಪ್ರತಿಯೊಬ್ಬನ ಮುಖವನ್ನು ನೋಡುವವನೂ, ಎಲ್ಲರೂ ಕೂಲಿಗಳೇ ಎಂದು ಯಾರ ಮುಖವನ್ನೂ ನೋಡದವನೂ ಒಂದೇ ಮಾತನ್ನು ಆಡಬಲ್ಲರು.

ಕಾನೂನಿಗೆ ಪಟ್ಟಿ ಬೇಕು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯಿದೆ ಮರ ಕಡಿಯಲು ಅಪ್ಪಣೆ ಬೇಕೆಂದು ವಿಧಿಸಿ, ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮೊದಲಾದ ಕೆಲವು ಜಾತಿಗಳನ್ನು ಬಿಟ್ಟುಕೊಟ್ಟಿದೆ. ಸರ್ಕಾರವು ‘ಬದುವಿನ ಮೂಲೆಯಲ್ಲಿರುವ ಆ ಮರ’ ಎಂದು ಶಾಸನ ಬರೆಯಲಾರದು. ಜಾತಿಯ ಹೆಸರು ಹಿಡಿದೇ ಮಾತಾಡಬೇಕು. ಆದರೆ ಮರದ ಮುಂದೆ ಕೊಡಲಿ ಹಿಡಿದು ನಿಂತವನು ಸರ್ಕಾರವಲ್ಲ. ಅವನ ಎದುರಿಗಿರುವುದು ಒಂದೇ ಒಂದು ಮರ.

ಪೇಟೆಯಲ್ಲಿ ಕುಳಿತು ಇದನ್ನು ಹೇಳುವುದು ಸುಲಭವೆಂದು ಓದುಗರು ಅಂದುಕೊಳ್ಳಬಹುದು. ನಿಜ. ಒಂದು ಕಿಲೋ ಹೊಗೆಸೊಪ್ಪು ಹದವಾಗಲು ನಾಲ್ಕೈದು ಕಿಲೋ ಸೌದೆ ಬೇಕೆಂದು ಲೆಕ್ಕ ಹೇಳುತ್ತಾರೆ. ಬ್ಯಾರನ್ನಿಗೆ ಸೊಪ್ಪು ಏರಿಸಿದ ಮೇಲೆ ಹಗಲುರಾತ್ರಿ ಉರಿ ನಿಲ್ಲುವಂತಿಲ್ಲ. ನಿಂತರೆ ವರ್ಷದ ದುಡಿಮೆ ಕೆಟ್ಟಿತು, ಸಾಲ ಉಳಿಯಿತು. ಆ ಸೊಪ್ಪಿನಿಂದಾದ ಸಿಗರೇಟನ್ನು ಸೇದಿದ್ದು ಪೇಟೆಯವರು. ನನ್ನ ಯೌವನದ ಹತ್ತು ವರ್ಷಗಳಲ್ಲಿ ನಾನು ಎಷ್ಟು ತಪಸಿ ಮರಗಳನ್ನು ಸುಟ್ಟೆನೋ ಲೆಕ್ಕವಿಲ್ಲ. ನನಗೆ ಆ ಮರದ ಹೆಸರೂ ಗೊತ್ತಿರಲಿಲ್ಲ. ಅವರಿಗಾದರೋ ಹೆಸರು ಬಲ್ಲ ತಾಯಿ ಇದ್ದರು. ಆದ್ದರಿಂದ ಕಡಿಯಬೇಡಿ ಎಂದು ಅವರಿಗೆ ಹೇಳುವ ಅಧಿಕಾರ ನನಗಿಲ್ಲ, ಹೇಳಲೂ ಇಲ್ಲ. ಆದರೆ ಖರ್ಚಾದದ್ದು ಏನೆಂದು ತಿಳಿಯದವನಿಗೆ ನಷ್ಟವೂ ತಿಳಿಯುವುದಿಲ್ಲವಷ್ಟೆ. ಸೌದೆಯ ರಾಶಿಯಿಂದ ಕಳೆದುಹೋಗುವುದು ಸೌದೆ ಮಾತ್ರ. ಅದನ್ನು ದುಡ್ಡು ಕೊಟ್ಟು ಮತ್ತೆ ತರಬಹುದು.

ಈ ವರ್ಷ ಮತ್ತೆ ಹೋಗಿದ್ದೆ. ರಾಶಿ ಮುಗಿದು, ಅದೇ ಜಾಗದಲ್ಲಿ ಹೆಚ್ಚಾಗಿ ನೀಲಗಿರಿಯ ಸೌದೆ ಬಂದಿತ್ತು. ತಾಯಿಯ ಕಣ್ಣು ಮಂಜಾಗಿದೆಯಂತೆ. ನನ್ನ ಗುರುತು ಹತ್ತಲಿಲ್ಲ. ಹೊರಡುವಾಗ ರೈತರು ತಾವಾಗಿಯೇ ಬದುವಿನವರೆಗೆ ಕರೆದುಕೊಂಡು ಹೋಗಿ ಒಂದು ಮೋಟನ್ನು ತೋರಿಸಿ, “ನಿಮ್ಮ ತಪಸಿ ಚಿಗುರ್ಕೊಂಡದೆ ನೋಡಿ, ಸ್ವಾಮಿ” ಎಂದರು. ಮೊಣಕಾಲೆತ್ತರದ ಏಳೆಂಟು ಚಿಗುರು. ಒಂದು ಎಲೆ ಕಿತ್ತು ಹಿಸುಕಿ ಮೂಸಿದೆ. ಒಳ್ಳೆಯ ವಾಸನೆಯೇನಲ್ಲ.