ಪತ್ರನಿಕ್ಷೇಪ

ಇಲ್ಲದುದನ್ನು ಸಂಪಾದಿಸುವುದು ಯೋಗ. ಸಂಪಾದಿಸಿದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಇವೆರಡನ್ನೂ ನಮ್ಮ ಪ್ರಾಚೀನರು ಒಂದೇ ಪದದಲ್ಲಿ ಬೆಸೆದು ಯೋಗಕ್ಷೇಮವೆಂದು ಕರೆದರು. ಬಂಧುಗಳಿಗೆ ಕಾಗದ ಬರೆಯುವಾಗ ನಾವು ಮೊದಲು ವಿಚಾರಿಸುವುದು ಈ ಯೋಗಕ್ಷೇಮವನ್ನೇ. ಆದರೆ ಬಂದ ಕಾಗದದ ಯೋಗಕ್ಷೇಮವನ್ನು ವಿಚಾರಿಸುವವರು ವಿರಳ. ಈಗ ಕಾಗದಗಳು ಬಹುಮಟ್ಟಿಗೆ ಇಮೇಲಿನ ರೂಪದಲ್ಲಿ ಮನೆಯ ಕಂಪ್ಯೂಟರಿನೊಳಗೆ ಸೇರಿಕೊಂಡಿವೆ. ಅವುಗಳಿಗೆ ಪ್ರತಿಯೊಂದನ್ನು ಮಾಡಿ ಪೆನ್‌ಡ್ರೈವಿನಲ್ಲಿಯೋ, ಹೊರಗಿನಿಂದ ಜೋಡಿಸುವ ಹಾರ್ಡ್‌ಡಿಸ್ಕಿನಲ್ಲಿಯೋ ಇಡುವುದು ಕೇವಲ ಅನುಕೂಲದ ಮಾತೇ, ಅಥವಾ ಕರ್ತವ್ಯವೇ? ಕರ್ತವ್ಯವಾದರೆ ಅದಕ್ಕೆ ಮೇರೆ ಯಾವುದು? ಇದನ್ನು ವಾಚಕಮಹಾಶಯರೊಡನೆ ಸ್ವಲ್ಪ ವಿಚಾರಮಾಡಬೇಕೆಂದು ಈ ಲೇಖನ.

ಮೊದಲು ವಸ್ತುಸ್ವರೂಪವನ್ನು ನಿಶ್ಚಯಿಸಿಕೊಳ್ಳೋಣ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬವರು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳುಹಿಸುವ ಮಾರ್ಗವನ್ನು ತೋರಿಸಿದರು. ಹಾಗೆ ಬಂದ ಪತ್ರವನ್ನು ಮನೆಗೆ ತರಿಸಿಕೊಳ್ಳುವುದಕ್ಕೆ ಎರಡು ಪದ್ಧತಿಗಳು ಪ್ರಸಿದ್ಧವಾಗಿವೆ. ಪಾಪ್ ಎಂಬ ಪದ್ಧತಿಯಲ್ಲಿ ಪತ್ರವು ಮನೆಯ ಯಂತ್ರಕ್ಕೆ ಇಳಿದುಬರುವುದು. ಬೇರೆ ಏರ್ಪಾಡು ಮಾಡದಿದ್ದರೆ ಸಾಮಾನ್ಯವಾಗಿ ದೂರದ ಯಂತ್ರದಿಂದ ಅಳಿದುಹೋಗುವುದು. ಆಗ ಮನೆಯಲ್ಲಿರುವುದೇ ಏಕಮಾತ್ರ ಪ್ರತಿ. ಐಮ್ಯಾಪ್ ಎಂಬ ಪದ್ಧತಿಯಲ್ಲಿ ಮೂಲವು ದೂರದಲ್ಲಿಯೇ ನಿಲ್ಲುವುದು. ಮನೆಯಲ್ಲಿ ಕಾಣುವುದು ಅದರ ಪ್ರತಿಬಿಂಬ. ಇಲ್ಲಿ ಎರಡು ಪ್ರತಿಗಳಿವೆಯೆಂದು ಹಲವರು ನೆಮ್ಮದಿಯಿಂದಿರುವರು. ಆದರೆ ಒಂದೆಡೆ ಅಳಿಸಿದ ಪತ್ರವು ಇನ್ನೊಂದೆಡೆಯೂ ಅಳಿಯುವುದು. ಒಟ್ಟಿಗೇ ನಾಶವಾಗತಕ್ಕ ಎರಡನ್ನು ರಕ್ಷಣೆಯ ಲೆಕ್ಕದಲ್ಲಿ ಎರಡೆಂದು ಎಣಿಸಲಾಗದು.

ಇನ್ನು ಪತ್ರವು ಯಾರ ಸ್ವತ್ತು ಎಂಬುದನ್ನು ನೋಡೋಣ. ನಮಗೆ ಬಂದುದರಿಂದ ಅದು ನಮ್ಮದೆಂಬುದು ಲೋಕರೂಢಿ. ಆದರೆ ಅದರೊಳಗಿನ ಮಾತು ಬರೆದವರದು; ಅವರ ದುಃಖ, ಅವರ ಸಾಲ, ಅವರ ಮನೆಯ ಗುಟ್ಟು ಎಲ್ಲವೂ ಅದರಲ್ಲಿರುವುವು. ನಮ್ಮಲ್ಲಿಟ್ಟ ನಂಬಿಕೆಯಿಂದ ಅವರು ಅದನ್ನು ನಮ್ಮ ಕೈಗೆ ಕೊಟ್ಟಿರುವರು. ಮನುಸ್ಮೃತಿಯು ಹದಿನೆಂಟು ವ್ಯವಹಾರಪದಗಳನ್ನು ಎಣಿಸುವಾಗ ಋಣಾದಾನದ ಅನಂತರ ಎರಡನೆಯದಾಗಿ ನಿಕ್ಷೇಪವನ್ನು, ಎಂದರೆ ನಂಬಿ ಇಟ್ಟ ಒಡವೆಯನ್ನು, ಹೇಳಿದೆ. ಪತ್ರವನ್ನು ಈ ನಿಕ್ಷೇಪದ ಜಾತಿಗೆ ಸೇರಿಸುವುದು ನ್ಯಾಯವೆಂದು ನನ್ನ ಮತ. ಹಾಗೆ ಸೇರಿಸಿದೊಡನೆಯೇ ಅದನ್ನು ಕಾಪಾಡುವುದು ಇಷ್ಟಾನಿಷ್ಟದ ವಿಷಯವಾಗಿ ಉಳಿಯದೆ ಕರ್ತವ್ಯವಾಗುವುದು.

ಇಲ್ಲಿ ಒಂದು ಪೂರ್ವಪಕ್ಷವುಂಟು. ಕಳ್ಳರಿಂದಲೂ ನೀರುಬೆಂಕಿಗಳಿಂದಲೂ ನಿಕ್ಷೇಪವು ನಷ್ಟವಾದರೆ ಇಟ್ಟುಕೊಂಡವನು ಹೊಣೆಯಲ್ಲವೆಂದು ಧರ್ಮಶಾಸ್ತ್ರವೇ ಹೇಳಿದೆ. ಯಂತ್ರ ಕೆಟ್ಟರೆ ಅದು ದೈವಿಕವಲ್ಲವೆ? ಇದಕ್ಕೆ ಸಮಾಧಾನವೇನೆಂದರೆ, ಮುಂಗಾಣಲಾಗದುದು ದೈವಿಕ. ಮುಂಗಂಡೂ ಸುಮ್ಮನಿದ್ದುದು ಅಲಕ್ಷ್ಯ. ತಿರುಗುವ ಚಕ್ರವುಳ್ಳ ಡಿಸ್ಕು ಸವೆದು ಒಂದು ದಿನ ನಿಲ್ಲುವುದೆಂಬುದು ಎಲ್ಲರೂ ಬಲ್ಲ ಸಂಗತಿ. ದೂರದ ದೊಡ್ಡ ಕಂಪನಿಯು ಕಾಯುವುದೆಂಬ ಭರವಸೆಗೂ ಮೇರೆಯುಂಟು. 2011ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆಯ ಜಿಮೇಲಿನಲ್ಲಿ ಕೆಲವರ ಪತ್ರಗಳು ಇದ್ದಕ್ಕಿದ್ದಂತೆ ಕಾಣದಾದುವು. ಆ ಸಂಸ್ಥೆಯವರು ಬೇರೆಯಾಗಿ ತೆಗೆದಿಟ್ಟಿದ್ದ ಟೇಪುಗಳಿಂದ ಅವುಗಳನ್ನು ಮರಳಿ ತಂದರು. ಅಷ್ಟು ದೊಡ್ಡವರನ್ನೂ ಕಾಪಾಡಿದುದು ಜಾಲಕ್ಕೆ ಹೊರಗಾಗಿದ್ದ ಪ್ರತಿಯೇ ಎಂಬುದು ಗಮನಾರ್ಹ. ಮತ್ತು 2023ರ ಡಿಸೆಂಬರಿನಿಂದ, ಎರಡು ವರ್ಷ ಉಪಯೋಗಿಸದ ಖಾತೆಯನ್ನು ಅಳಿಸಬಹುದೆಂಬ ನಿಯಮವನ್ನು ಅದೇ ಸಂಸ್ಥೆ ಜಾರಿಗೆ ತಂದಿತು. ಮೃತರು ತಮ್ಮ ಖಾತೆಯನ್ನು ತೆರೆಯಲಾರರಷ್ಟೆ.

ಕರ್ತವ್ಯವೆಂದಮೇಲೆ ಅದರ ವಿಧಾನವನ್ನೂ ತಿಳಿದಿರಬೇಕು. ಥಂಡರ್‌ಬರ್ಡ್ ಎಂಬ ಸಾಧನವು ಪತ್ರಗಳನ್ನು ಪ್ರೊಫೈಲ್ ಎಂಬ ಫೋಲ್ಡರಿನಲ್ಲಿ ಇಡುವುದು; ಆ ಫೋಲ್ಡರನ್ನು ಇಡಿಯಾಗಿ ಪ್ರತಿಮಾಡಬೇಕು. ಔಟ್‌ಲುಕ್ ಎಂಬುದು ಪಾಪ್ ಪದ್ಧತಿಯ ಪತ್ರಗಳನ್ನು ಸಾಮಾನ್ಯವಾಗಿ ಪಿಎಸ್‌ಟಿ ಎಂಬ ಒಂದೇ ದೊಡ್ಡ ಫೈಲಿನಲ್ಲಿ ಕಟ್ಟಿಡುವುದು. ಪ್ರತಿಮಾಡುವ ಮುನ್ನ ಪತ್ರಸಾಧನವನ್ನು ಮುಚ್ಚತಕ್ಕದ್ದು. ಬರೆಯುತ್ತಿರುವ ಪುಸ್ತಕವನ್ನು ನಕಲುಮಾಡಹೊರಟರೆ ವಾಕ್ಯವು ಅರ್ಧಕ್ಕೆ ನಿಲ್ಲುವಂತೆ ಇಲ್ಲಿಯೂ ಕೆಡುಕು ಸಂಭವಿಸಬಹುದು. ಫ್ಯಾಟ್32 ಎಂಬ ಕ್ರಮದಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವು 4 ಜಿಬಿಗಿಂತ ದೊಡ್ಡ ಫೈಲನ್ನು ಸ್ವೀಕರಿಸದು. ಅದಕ್ಕೆ ಎಕ್ಸ್‌ಫ್ಯಾಟ್ ಕ್ರಮ ಬೇಕು. ಪ್ರತಿಯಾದಮೇಲೆ ನಾಲ್ಕಾರು ಪತ್ರಗಳನ್ನು ತೆರೆದು ಪರೀಕ್ಷಿಸದಿದ್ದರೆ ಅದು ಪ್ರತಿಯಾಯಿತೆಂಬುದಕ್ಕೆ ಪ್ರಮಾಣವಿಲ್ಲ. ಪೆನ್‌ಡ್ರೈವಾದರೂ ಶಾಶ್ವತವಲ್ಲ, ಬಹುಕಾಲ ಮುಟ್ಟದೆ ಇಟ್ಟರೆ ಅದರಲ್ಲಿ ಹಿಡಿದಿಟ್ಟ ವಿದ್ಯುದಂಶವು ಮೆಲ್ಲಗೆ ಸೋರಿಹೋಗಬಹುದು. ಆದುದರಿಂದ ಎರಡು ಪ್ರತಿಗಳನ್ನು ಮಾಡಿ ಒಂದನ್ನು ಬೇರೆ ಮನೆಯಲ್ಲಿಡುವುದೂ, ಕೆಲವು ವರ್ಷಗಳಿಗೊಮ್ಮೆ ಹೊಸ ಸಾಧನಕ್ಕೆ ಮತ್ತೆ ಪ್ರತಿಮಾಡುವುದೂ ಉಚಿತ. ತಾಳೆಯೋಲೆಯ ಕಾಲದಲ್ಲಿ ನಮ್ಮವರು ಅನುಸರಿಸಿದುದೂ ಈ ನೀತಿಯನ್ನೇ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಪ್ರಸಿದ್ಧಿಯಲ್ಲಿ ಔದಾರ್ಯದಂತೆ ದೂರದೃಷ್ಟಿಯೂ ಇದೆ.

ಎರಡನೆಯ ಪೂರ್ವಪಕ್ಷವು ವೈರಾಗ್ಯದ್ದು. ಅಪರಿಗ್ರಹವನ್ನು ಶ್ಲಾಘಿಸುವ ನಾವು ಹಳೆಯ ಪತ್ರಗಳ ಹೊರೆಯನ್ನೇಕೆ ಹೊರಬೇಕು? ಈ ಆಕ್ಷೇಪದಲ್ಲಿ ತಥ್ಯವಿದೆ. ಜಾಹೀರಾತು, ರಸೀತಿ, ಬ್ಯಾಂಕಿನ ಸೂಚನೆಗಳ ರಾಶಿಯನ್ನು ಕಾಯುವುದು ಧರ್ಮವಲ್ಲ, ಜಾಡ್ಯ. ಆದರೆ ತ್ಯಾಗಕ್ಕೂ ನಷ್ಟಕ್ಕೂ ಭೇದವುಂಟು. ಇದು ಬೇಡವೆಂದು ಅರಿತು ಬಿಟ್ಟುದು ತ್ಯಾಗ. ಕೈಜಾರಿ ಹೋದಮೇಲೆ ಹೋದರೆ ಹೋಗಲೆನ್ನುವುದು ವೈರಾಗ್ಯದ ವೇಷ. ಬಿಡುವುದಕ್ಕೂ ಮೊದಲು ಇರಬೇಕಾಗುವುದು. ಅಲ್ಲದೆ ನಮ್ಮದನ್ನು ನಾವು ತ್ಯಜಿಸಬಹುದಲ್ಲದೆ ಪರರು ನಂಬಿ ಇಟ್ಟುದನ್ನು ತ್ಯಜಿಸಲು ನಮಗೆ ಅಧಿಕಾರವೆಲ್ಲಿ?

ಕಠಿನವಾದ ಪ್ರಶ್ನೆ ಮೂರನೆಯದು. ನನ್ನ ಹಳೆಯ ಶಿಷ್ಯನೊಬ್ಬನು ತಂದೆಯ ಉತ್ತರಕ್ರಿಯೆಗಳು ಮುಗಿದಮೇಲೆ ಬಂದು, “ಮೇಷ್ಟ್ರೇ, ಅಪ್ಪನ ಕಂಪ್ಯೂಟರಿನಲ್ಲಿ ಹದಿನೈದು ವರ್ಷಗಳ ಪತ್ರಗಳಿವೆ. ಸೋದರತ್ತೆ ತಮ್ಮ ಸಂಸಾರದ ಕಷ್ಟವನ್ನು ಅಪ್ಪನೊಬ್ಬರಿಗೇ ಬರೆಯುತ್ತಿದ್ದರು. ಎಲ್ಲವನ್ನೂ ಪ್ರತಿಮಾಡಿಡಲೆ, ಅಳಿಸಿಬಿಡಲೆ?” ಎಂದು ಕೇಳಿದನು. ಪ್ರತಿಮಾಡುವುದು ಬೇರೆ, ಓದುವುದು ಬೇರೆ ಎಂದು ನಾನು ಉತ್ತರಕೊಟ್ಟೆನು. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಉಪನಿಧಿಯೆಂಬುದೊಂದನ್ನು ಹೇಳಿದೆ: ಒಳಗೇನಿದೆಯೆಂದು ತಿಳಿಸದೆ, ಭರಣಿಯಲ್ಲಿಯೋ ಪೆಟ್ಟಿಗೆಯಲ್ಲಿಯೋ ಹಾಕಿ ಒಪ್ಪಿಸಿದ ಒಡವೆ ಅದು; ಒಪ್ಪಿಸಿದಂತೆಯೇ ಹಿಂದಿರುಗಿಸತಕ್ಕದ್ದು. ಮಗನಿಗೆ ತಂದೆಯ ಪತ್ರಕೋಶವು ಇಂತಹ ಉಪನಿಧಿ. ಅವನು ಸೋದರತ್ತೆಯ ಪತ್ರಗಳನ್ನು ಹೆಸರು ನೋಡಿ ಬೇರ್ಪಡಿಸಿ, ಓದದೆ ಪೆನ್‌ಡ್ರೈವಿಗೆ ಇಳಿಸಿ ಅವರ ಕೈಗೆ ಒಪ್ಪಿಸಿ, ಮನೆಯ ಯಂತ್ರದಲ್ಲಿ ಉಳಿಸಬೇಕೆ ಬೇಡವೆ ಎಂಬುದನ್ನು ಅವರಿಗೇ ಬಿಟ್ಟನು. ಆ ವೃದ್ಧೆಯು ಕೆಲವನ್ನು ಅಳಿಸೆಂದರು. ಉಳಿದುವು ಮೊಮ್ಮಕ್ಕಳಿಗಿರಲಿ ಎಂದರು. ಅವರು ಹೇಳುವ ಮೊದಲೇ ಯಂತ್ರ ಕೆಟ್ಟಿದ್ದರೆ ಈ ವಿವೇಚನೆಗೆ ಅವಕಾಶವೇ ಇರುತ್ತಿರಲಿಲ್ಲ.

ಜೇಬಿನಲ್ಲಿ ಅಡಗುವ ಸಾಧನವು ಜೇಬಿನಿಂದ ಬೀಳಲೂಬಹುದು. ಆದುದರಿಂದ ಪರರ ಗುಟ್ಟುಳ್ಳ ಪ್ರತಿಗೆ ಪಾಸ್‌ವರ್ಡಿನ ಬೀಗ ಹಾಕುವುದು ರಕ್ಷಣೆಯ ಎರಡನೆಯ ಅಂಗ. ಆ ಬೀಗದ ಮಾತನ್ನು ನಂಬಿಕೆಯುಳ್ಳ ಒಬ್ಬರಿಗಾದರೂ ತಿಳಿಸಿಡದಿದ್ದರೆ, ಹೂತಿಟ್ಟವನೊಡನೆಯೇ ಮರೆತುಹೋದ ನಿಧಿಯಂತೆ ಎಲ್ಲವೂ ನಿಷ್ಪ್ರಯೋಜನವಾಗುವುದು.

ಒಟ್ಟಿನಲ್ಲಿ ಸಿದ್ಧಾಂತವಿಷ್ಟು: ಬಂದ ಪತ್ರವು ನಿಕ್ಷೇಪ, ಅದಕ್ಕೆ ಪ್ರತಿಯನ್ನು ಮಾಡುವುದು ಪಡೆದವನ ಕರ್ತವ್ಯ, ಕಾಯುವ ಅಧಿಕಾರದಿಂದ ಓದಿಸುವ ಅಧಿಕಾರವು ಬಾರದು, ಬೇಡವಾದುದನ್ನು ಅರಿತು ಬಿಡಬೇಕು, ಅರಿಯದೆ ಕಳೆಯಬಾರದು. ಇದಕ್ಕೆ ತಗಲುವುದು ತಿಂಗಳಿಗೊಂದು ಸಂಜೆಯ ಅರ್ಧಗಂಟೆ. ನಮ್ಮನ್ನು ನಂಬಿ ಬರೆದವರಿಗೆ ಅಷ್ಟನ್ನು ಸಲ್ಲಿಸುವುದು ಹೆಚ್ಚಲ್ಲ.